ರಿವಾಲ್ವರಿನ ಸಿಲಿಂಡರ್ ಬಿಗಿದುಕೊಂಡರೆ ಏನು ಮಾಡಬೇಕು?



ಮಳೆಯ ಬಿರುಸು ಇಳಿದು ಕೈಲ್ ಮುಹೂರ್ತ ಹತ್ತಿರವಾದಾಗ ಕೊಡಗಿನ ಮನೆಗಳಲ್ಲಿ ಕೋವಿಗಳನ್ನು ಹೊರತೆಗೆದು ಒರೆಸುವುದು ರೂಢಿ. ಒಂಟಿ ತೋಟದ ಮನೆಯಲ್ಲಿ ರಕ್ಷಣೆಗೆಂದು ರಿವಾಲ್ವರ್ ಇಟ್ಟುಕೊಂಡವರೂ ನಮ್ಮಲ್ಲಿದ್ದಾರೆ. ಮೂರು ತಿಂಗಳ ತೇವದ ನಂತರ ಅದರ ಸಿಲಿಂಡರ್ ತಿರುಗದಿರುವುದು, ಬಾಯಿ ಬಿಚ್ಚದಿರುವುದು ಉಂಟು. ಆಗ ಅವಸರಪಟ್ಟರೆ ಪ್ರಾಣಕ್ಕೆ ಅಪಾಯ.

ಕಾನ್ಪುರದ ಸರ್ಕಾರಿ ಕಾರ್ಖಾನೆಯ 0.32 ರಿವಾಲ್ವರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು ಹಳೆಯ ವೆಬ್ಲಿ ಮಾದರಿಯದು; ಆರು ತೋಟಾ ಹಿಡಿಯುತ್ತದೆ. ಹ್ಯಾಮರಿನ ಬಳಿಯ ಚಿಲಕವನ್ನು ಹೆಬ್ಬೆರಳಿನಿಂದ ಒತ್ತಿದರೆ ನಳಿಗೆಯೂ ಸಿಲಿಂಡರೂ ಒಟ್ಟಿಗೆ ಮುಂದಕ್ಕೆ ಬಾಗುತ್ತವೆ. ಮಧ್ಯದ ನಕ್ಷತ್ರಾಕಾರದ ತಟ್ಟೆ ಮೇಲೆದ್ದು ತೋಟಾಗಳನ್ನು ಹೊರದೂಡುತ್ತದೆ.

ಮೊದಲ ನಿಯಮ: ತೆರೆದು ಕಣ್ಣಾರೆ ನೋಡುವವರೆಗೆ ಒಳಗೆ ತೋಟಾ ಇದೆ ಎಂದೇ ತಿಳಿಯಿರಿ. ಬೆರಳು ಟ್ರಿಗರಿನಿಂದ ಹೊರಗಿರಲಿ. ನಳಿಗೆಯ ಬಾಯಿ ಮಣ್ಣಿನ ದಿಬ್ಬದ ಕಡೆಗಿರಲಿ. ಮಕ್ಕಳನ್ನೂ ಆಳುಗಳನ್ನೂ ದೂರ ಕಳಿಸಿ.

ಸಾಮಾನ್ಯ ಕಾರಣಗಳು ಹೀಗಿವೆ:

1. ಜಿಡ್ಡು ಮತ್ತು ತುಕ್ಕು. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು ಬಹಳ ಸಣ್ಣದು. ಅಲ್ಲಿ ಮದ್ದಿನ ಮಸಿ ಕಟ್ಟಿದರೆ ಸಿಲಿಂಡರ್ ಉಜ್ಜಿ ನಿಲ್ಲುತ್ತದೆ. ತೋಟಾ ತೆಗೆದ ಮೇಲೆ ಬ್ರಷ್ ಮತ್ತು ಕೋವಿ ಎಣ್ಣೆಯಿಂದ ಸ್ವಚ್ಛ ಮಾಡಿ. ಕೊಬ್ಬರಿ ಎಣ್ಣೆ ಬೇಡ. ಸುಮಾರು 24 ಡಿಗ್ರಿಗಿಂತ ಚಳಿಯಾದರೆ ಅದು ಹೆಪ್ಪುಗಟ್ಟುತ್ತದೆ. ನಮ್ಮ ಡಿಸೆಂಬರಿನ ಬೆಳಗಿನಲ್ಲಿ ಚಿಲಕವೇ ಅಂಟಿಕೊಳ್ಳುತ್ತದೆ.

2. ನಕ್ಷತ್ರ ತಟ್ಟೆಯ ಅಡಿಯಲ್ಲಿ ಕಸ. ಒಂದು ಕಾಳು ಮದ್ದು ಸಿಕ್ಕಿದರೂ ತಟ್ಟೆ ಪೂರ್ತಿ ಕೂರುವುದಿಲ್ಲ. ಅರ್ಧ ಮಾತ್ರ ತೆರೆದು ಮುಚ್ಚಿದರೆ ತೋಟಾದ ಅಂಚು ತಟ್ಟೆಯಡಿ ಜಾರುವುದೂ ಇದೆ. ಆದ್ದರಿಂದ ತೆರೆಯುವಾಗ ಕೊನೆಯವರೆಗೆ ಒಂದೇ ಸಲಕ್ಕೆ ತೆರೆಯಿರಿ.

3. ತೋಟಾದ ದೋಷ. ಕೇಪು ಉಬ್ಬಿದ್ದರೆ ಅಥವಾ ತೋಟಾ ಪೂರ್ತಿ ಒಳಗೆ ಕೂರದಿದ್ದರೆ ಅದರ ಹಿಂಭಾಗ ಚೌಕಟ್ಟಿಗೆ ಉಜ್ಜುತ್ತದೆ. ಕಿಲುಬು ಹಿಡಿದ ತೋಟಾಗಳನ್ನು ಬಳಸಬೇಡಿ, ಬೆಂಕಿಗೂ ಹಾಕಬೇಡಿ. ಪರವಾನಗಿ ಇರುವ ವ್ಯಾಪಾರಿಯನ್ನು ವಿಚಾರಿಸಿ.

4. ನಳಿಗೆಯಲ್ಲಿ ಸಿಕ್ಕಿದ ಗುಂಡು. ಇದು ಎಲ್ಲಕ್ಕಿಂತ ಅಪಾಯಕಾರಿ. ಹೊಡೆದಾಗ ಶಬ್ದ ಕ್ಷೀಣವಾಗಿ ಬಂದು ಸಿಲಿಂಡರ್ ನಿಂತರೆ, ಗುಂಡು ಸಿಲಿಂಡರಿಗೂ ನಳಿಗೆಗೂ ನಡುವೆ ಸಿಕ್ಕಿರಬಹುದು. ಆಗ ಚಿಲಕ ಒತ್ತಿದರೂ ಬಾಯಿ ಬಿಚ್ಚುವುದಿಲ್ಲ. ಇನ್ನೊಂದು ಗುಂಡು ಹೊಡೆದರೆ ನಳಿಗೆ ಸಿಡಿಯಬಹುದು. ಹ್ಯಾಮರ್ ಬಿದ್ದರೂ ತೋಟಾ ಸಿಡಿಯದಿದ್ದರೆ ಕನಿಷ್ಠ ಅರ್ಧ ನಿಮಿಷ ನಳಿಗೆಯನ್ನು ಮಣ್ಣಿನ ಕಡೆಗೇ ಹಿಡಿದು ಕಾಯಿರಿ. ತಡವಾಗಿ ಸಿಡಿಯುವ ತೋಟಾಗಳಿವೆ.

ಬಾಯಿ ಬಿಚ್ಚದಿದ್ದರೆ ಚಿಲಕದ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಕಾದು, ಕೈಯಿಂದಲೇ ಒತ್ತಿ ನೋಡಿ. ಸುತ್ತಿಗೆ, ಸ್ಕ್ರೂಡ್ರೈವರ್, ಕತ್ತಿಯ ಹಿಡಿ ಯಾವುದೂ ಬೇಡ. ಒಳಗೆ ತೋಟಾ ಇದ್ದರೆ ಪೆಟ್ಟಿಗೆ ಸಿಡಿಯಬಹುದು. ಇಲ್ಲದಿದ್ದರೂ ಚೌಕಟ್ಟು ಬಾಗಿ ರಿವಾಲ್ವರ್ ಕೆಡುತ್ತದೆ. ಆದರೂ ಬಿಚ್ಚದಿದ್ದರೆ ಅದನ್ನು ಬಸ್ಸಿನಲ್ಲಿ ಹೊತ್ತು ಪೇಟೆಗೆ ಹೋಗಬೇಡಿ. ನಳಿಗೆ ಸುರಕ್ಷಿತ ದಿಕ್ಕಿಗಿರುವಂತೆ ಬೀಗದೊಳಗಿಟ್ಟು, ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ಅಥವಾ ಪೊಲೀಸ್ ಠಾಣೆಗೆ ತಿಳಿಸಿ ಸಲಹೆ ಪಡೆಯಿರಿ. 1959ರ ಆಯುಧ ಕಾಯಿದೆಯಂತೆ ಪರವಾನಗಿ ಇಲ್ಲದವರು ಕೋವಿ ರಿಪೇರಿ ಮಾಡುವುದು ಅಪರಾಧ. ಊರ ಕುಲುಮೆಗೆ ಕೊಟ್ಟು ತೊಂದರೆಗೆ ಸಿಲುಕಬೇಡಿ.

ಕೊನೆಯದಾಗಿ ಒಂದು ಮಾತು. ಮಳೆಗಾಲದಲ್ಲಿ ರಿವಾಲ್ವರನ್ನು ಚರ್ಮದ ಚೀಲದಲ್ಲಿಡಬೇಡಿ. ಚರ್ಮ ತೇವ ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ತೋಟಾ ತೆಗೆದು, ತೆಳುವಾಗಿ ಎಣ್ಣೆ ಸವರಿ, ಒಣ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ತೋಟಾಗಳಿಗೆ ಎಣ್ಣೆ ಸೋಕಬಾರದು. ಅವು ಬೇರೆ ಬೀಗದಲ್ಲಿರಲಿ. ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಿದರೆ ಸಿಲಿಂಡರ್ ಬಿಗಿಯುವ ಪ್ರಸಂಗ ಅಪರೂಪವೇ ಆದೀತು.