ತೆರೆದ ಬಾಗಿಲು

ಆಳಂದ ತಾಲ್ಲೂಕಿನ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಅಲ್ಲಿಂದ ಮುಂದುವರಿದು ಜೇವರ್ಗಿಯ ಸೀಮೆಯನ್ನು ಮುಟ್ಟಿ ಹರಿಯುತ್ತದೆ. ಕಪ್ಪು ಮಣ್ಣು, ತೊಗರಿಯ ಬೆಳೆ, ಒಂದೇ ನದಿಯ ನೀರು ಇವು ಈ ಮೂರು ತಾಲ್ಲೂಕುಗಳನ್ನು ಬೆಸೆದಿವೆ. ಇವುಗಳನ್ನು ಬೆಸೆದ ಇನ್ನೊಂದು ನಂಟು ಅಷ್ಟು ಸಂತೋಷದ್ದಲ್ಲ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ರಾಜ್ಯದ ಅಂದಿನ 175 ತಾಲ್ಲೂಕುಗಳಲ್ಲಿ 39 ತಾಲ್ಲೂಕುಗಳು 'ಅತ್ಯಂತ ಹಿಂದುಳಿದವು' ಎಂದು ಅದು ಗುರುತಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು.

ಇಂಥ ನಾಡಿನ ಪ್ರೌಢಶಾಲೆಯಲ್ಲಿ ಓದುವ ಮಕ್ಕಳ ಮನೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ. ತೊಗರಿ ಮಾರಲು ಪೇಟೆಗೆ ಬಂದ ತಂದೆಯೊಬ್ಬನು ಶಾಲೆಗೂ ಬಂದು, ಮುಖ್ಯೋಪಾಧ್ಯಾಯರ ಮುಂದೆ ನಿಂತು, "ನಮ್ಮ ಹುಡುಗಿಗಿ ಡಾಕ್ಟರ್ ಸೀಟ್ ಸಿಗ್ತದೇನ್ರಿ ಸರ್?" ಎಂದು ಕೇಳುತ್ತಾನೆ. ಈ ಪ್ರಶ್ನೆಗೆ ಊರಿನಲ್ಲಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. "ನಮ್ಮಂಥವರಿಗೆಲ್ಲಿ ಸಿಗಬೇಕು" ಎಂಬುದು ಮೊದಲನೆಯದು. "ನಮ್ಮ ಭಾಗಕ್ಕೆ ಮೀಸಲಾತಿ ಇದೆ, ಸಿಕ್ಕೇ ಸಿಗುತ್ತದೆ" ಎಂಬುದು ಎರಡನೆಯದು. ಮೊದಲನೆಯ ಉತ್ತರವು ಮಗುವಿನ ಕೈಯಿಂದ ಪುಸ್ತಕವನ್ನು ಕಸಿದುಕೊಳ್ಳುತ್ತದೆ. ಎರಡನೆಯದು ಪುಸ್ತಕವನ್ನು ತೆರೆಯುವ ಅಗತ್ಯವೇ ಇಲ್ಲವೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಎರಡೂ ನಿಜವಲ್ಲ.

ನಿಜವನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1948ರ ಸೆಪ್ಟೆಂಬರ್ 17ರವರೆಗೆ ಈ ಪ್ರದೇಶವು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಶಿಕ್ಷಣದ ಮಾಧ್ಯಮ ಉರ್ದು. ಮನೆಯಲ್ಲಿ ಕನ್ನಡವನ್ನಾಡುವ ಹಳ್ಳಿಯ ಮಗುವಿಗೆ ಕಾಲೇಜೆಂಬುದು ದೂರದ ಊರಿನ, ಬೇರೊಂದು ನುಡಿಯ ವಸ್ತುವಾಗಿದ್ದಿತು. 1956ರಲ್ಲಿ ಈ ಭಾಗವು ಕನ್ನಡ ನಾಡಿನೊಡನೆ ಒಂದಾಯಿತು. ಅದರ ಬೆನ್ನಿಗೇ, 1958ರಲ್ಲಿ, ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ಎಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. 1963ರಲ್ಲಿ ಅದೇ ಸಂಸ್ಥೆಯ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ಕಾಲೇಜುಗಳು ಹತ್ತಿರಕ್ಕೆ ಬಂದವು. ಆದರೆ ಕಾಲೇಜು ಹತ್ತಿರವಿದ್ದ ಮಾತ್ರಕ್ಕೆ ಅದರಲ್ಲಿ ಸ್ಥಾನ ಸಿಗುವುದೆಂದು ಹೇಳಲಾಗುವುದಿಲ್ಲ. ಬಹುಕಾಲದಿಂದ ಒಳ್ಳೆಯ ಶಾಲೆಗಳನ್ನು ಕಂಡ ಜಿಲ್ಲೆಗಳ ಮಕ್ಕಳೊಡನೆ ಇಲ್ಲಿನ ಮಕ್ಕಳು ಒಂದೇ ಪಟ್ಟಿಯಲ್ಲಿ ಸ್ಪರ್ಧಿಸಬೇಕಾಗಿದ್ದಿತು.

ನೆರೆಯ ಆಂಧ್ರಪ್ರದೇಶದಲ್ಲಿ ತೆಲಂಗಾಣ ಮೊದಲಾದ ಭಾಗಗಳ ಜನರಿಗಾಗಿ ಸಂವಿಧಾನಕ್ಕೆ 371 ಡಿ ಎಂಬ ವಿಧಿಯು 1973ರ ತಿದ್ದುಪಡಿಯ ಮೂಲಕ ಸೇರಿದ್ದಿತು. ಅಂಥದೇ ನ್ಯಾಯ ತಮಗೂ ಬೇಕೆಂದು ಈ ಭಾಗದ ಜನರು ದೀರ್ಘಕಾಲ ಹೋರಾಡಿದರು. ಮಾಜಿ ಸಚಿವ ವೈಜನಾಥ ಪಾಟೀಲರು ಆ ಹೋರಾಟದ ಮುಂಚೂಣಿಯಲ್ಲಿದ್ದರು. ಕೊನೆಗೆ 2012ರ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನದ 98ನೆಯ ತಿದ್ದುಪಡಿಯನ್ನು ಅಂಗೀಕರಿಸಿತು. 371 ಜೆ ವಿಧಿಯು ಹುಟ್ಟಿದ್ದು ಹೀಗೆ. 2013ರಲ್ಲಿ ಹೊರಟ ಆದೇಶದಂತೆ, ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಸರಕಾರದ ಪಾಲಿಗೆ ಬರುವ ಪ್ರತಿ 100 ಸ್ಥಾನಗಳಲ್ಲಿ 70 ಸ್ಥಾನಗಳು ಇಲ್ಲಿಯವರಿಗೆ ಮೀಸಲಾದವು. ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿಯೂ ಪ್ರತಿ 100ಕ್ಕೆ 8 ಸ್ಥಾನಗಳು ದೊರೆತವು. 2019ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು.

ಇದು ಸಣ್ಣ ಲಾಭವಲ್ಲ. ಆದರೆ ಇದರ ಮಿತಿಯನ್ನೂ ಅರಿಯಬೇಕು. ಆ 70 ಸ್ಥಾನಗಳನ್ನು ಯಾರಿಗೆ ಕೊಡಬೇಕೆಂಬುದು ಮತ್ತೆ ಅಂಕಗಳಿಂದಲೇ ನಿರ್ಧಾರವಾಗುತ್ತದೆ. ಅವುಗಳಿಗಾಗಿ ಬೀದರದಿಂದ ಬಳ್ಳಾರಿಯವರೆಗಿನ ಏಳು ಜಿಲ್ಲೆಗಳ ಮಕ್ಕಳು ಸ್ಪರ್ಧಿಸುತ್ತಾರೆ. ಕಲಬುರಗಿ ನಗರದಲ್ಲಿ ತರಬೇತಿ ಪಡೆಯುವ ಅಧಿಕಾರಿಯ ಮಗನೂ, ಅಫಜಲಪುರದ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬಂದು ಓದುವ ಕೂಲಿಕಾರನ ಮಗಳೂ ಈ ಕಾನೂನಿನ ದೃಷ್ಟಿಯಲ್ಲಿ ಒಂದೇ ಪ್ರದೇಶದವರು. ಕಾನೂನು ಓಟದ ಮೈದಾನವನ್ನು ಹತ್ತಿರಕ್ಕೆ ತಂದಿತೇ ಹೊರತು ಓಟವನ್ನು ರದ್ದುಗೊಳಿಸಲಿಲ್ಲ. ಇನ್ನೂ ಒಂದು ಸಂಗತಿಯುಂಟು. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲ್ಲೂಕಿನ ಕಡಗಂಚಿಯ ಬಳಿಯೇ ಇದೆ. ಆದರೆ ಅದು ಕೇಂದ್ರದ ಸಂಸ್ಥೆ. ಪಕ್ಕದ ಹೊಲದವನ ಮಗನೂ ಅಲ್ಲಿ ಪದವಿ ತರಗತಿಗೆ ಸೇರಬೇಕಾದರೆ ಇಡೀ ದೇಶದ ವಿದ್ಯಾರ್ಥಿಗಳೊಡನೆ ಪ್ರವೇಶ ಪರೀಕ್ಷೆಯನ್ನು ಬರೆಯಬೇಕು.

ಹಾಗಾದರೆ ಆ ತಂದೆಗೆ ಸರಿಯಾದ ಉತ್ತರವೇನು? ಅದು ಮೂರು ವಿಷಯಗಳನ್ನು ಅವಲಂಬಿಸಿದೆ.

ಮೊದಲನೆಯದು ಪರೀಕ್ಷೆಯ ಸ್ವರೂಪದ ತಿಳಿವಳಿಕೆ. ಎಂಜಿನಿಯರಿಂಗ್ ಪ್ರವೇಶಕ್ಕೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ನಡೆಯುತ್ತದೆ. 1994ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆಗಳು, 80 ನಿಮಿಷಗಳು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್ ರ್‍ಯಾಂಕಿನಲ್ಲಿ ಈ ಪರೀಕ್ಷೆಯ ಪಾಲು ಅರ್ಧ, ದ್ವಿತೀಯ ಪಿಯುಸಿಯ ಅಂಕಗಳ ಪಾಲು ಅರ್ಧ. ಆದ್ದರಿಂದ ಎರಡರಲ್ಲಿ ಒಂದನ್ನು ಕಡೆಗಣಿಸಿದವನು ಅರ್ಧ ಬೆಳೆಯನ್ನು ಹೊಲದಲ್ಲಿಯೇ ಬಿಟ್ಟಂತಾಗುತ್ತದೆ. ವೈದ್ಯಕೀಯ ಪ್ರವೇಶಕ್ಕೆ ದೇಶಕ್ಕೆಲ್ಲ ಒಂದೇ ಪರೀಕ್ಷೆಯಾದ ನೀಟ್ ಇದೆ. ಅದರಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ ಸಿಗುತ್ತದೆ, ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತದೆ. ಅಲ್ಲಿ ಅರಿಯದೆ ಗುರುತು ಹಾಕುವುದು ಕೈಯಲ್ಲಿದ್ದುದನ್ನು ಕಳೆದುಕೊಳ್ಳುವ ದಾರಿ.

ಎರಡನೆಯದು ಭಾಷೆ. ಸಿಇಟಿಯ ಪ್ರಶ್ನೆಗಳು ಕನ್ನಡದಲ್ಲಿಯೂ ಇರುತ್ತವೆ; 2017ರಿಂದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಆದರೂ ಪಿಯುಸಿ ವಿಜ್ಞಾನದ ಪಾಠಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ನಡೆಯುತ್ತವೆ. ಹತ್ತನೆಯ ತರಗತಿಯಲ್ಲಿ ಮುಂದಿದ್ದ ಎಷ್ಟೋ ಮಕ್ಕಳು ಪಿಯುಸಿಯ ಮೊದಲ ತಿಂಗಳುಗಳಲ್ಲಿ ಎದೆಗುಂದುವುದು ವಿಷಯ ತಿಳಿಯದೆ ಅಲ್ಲ, ಹೆಸರು ತಿಳಿಯದೆ. ಒಂಬತ್ತನೆಯ ತರಗತಿಯಲ್ಲಿ 'ವೇಗೋತ್ಕರ್ಷ'ವನ್ನು ಚೆನ್ನಾಗಿ ಅರಿತ ಹುಡುಗಿಯು, ಅದನ್ನೇ 'ಆಕ್ಸೆಲರೇಷನ್' ಎಂದಾಗ ಹೊಸ ವಿಷಯವೆಂದು ಬೆದರುತ್ತಾಳೆ. ದಿನಕ್ಕೆ ಎರಡು ಪದಗಳಂತೆ ಈಗಿನಿಂದಲೇ ಎರಡೂ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಎರಡು ವರ್ಷಗಳಲ್ಲಿ ಆ ಬೆದರಿಕೆಯು ತಾನಾಗಿಯೇ ನೀಗುತ್ತದೆ. ಅದಕ್ಕೆ ಬೇಕಾದುದು ಒಂದು ನೋಟುಪುಸ್ತಕ ಮಾತ್ರ.

ಮೂರನೆಯದು ಕಾಗದಪತ್ರ. ಇದು ಕ್ಷುಲ್ಲಕವೆಂದು ತೋರಿದರೂ ಎಷ್ಟೋ ಸಲ ಇದೇ ನಿರ್ಣಾಯಕವಾಗುತ್ತದೆ. 371 ಜೆ ಪ್ರಯೋಜನಕ್ಕೆ ಕಂದಾಯ ಉಪವಿಭಾಗದ ಸಹಾಯಕ ಆಯುಕ್ತರ ಪ್ರಮಾಣಪತ್ರವು ಬೇಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿಯೇ ಓದಿದವರಿಗೆ ರಾಜ್ಯದ ಪ್ರವೇಶ ವ್ಯವಸ್ಥೆಯಲ್ಲಿ ಶೇಕಡ 15ರಷ್ಟು, ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5ರಷ್ಟು ಮೀಸಲಾತಿಯಿದೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದುದು ಕೊರತೆಯೆಂದು ನಾಚುವ ಮಗುವಿಗೆ ಅದೇ ಶಾಲೆಯು ಹಕ್ಕಿನ ಪತ್ರವನ್ನು ಕೊಡುತ್ತದೆ. ಆದರೆ ಅರ್ಜಿಯ ಕೊನೆಯ ದಿನ ಈ ಪತ್ರಗಳಿಗಾಗಿ ಓಡಾಡತೊಡಗಿದರೆ ಫಲವಿಲ್ಲ. ಹೆಸರಿನ ಕಾಗುಣಿತವು ಒಂದು ದಾಖಲೆಯಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಮತ್ತೊಂದು ಬಗೆಯಾಗಿದ್ದರೆ ಅದನ್ನು ತಿದ್ದಿಸಿಕೊಳ್ಳಲು ಒಂಬತ್ತನೆಯ ತರಗತಿಯೇ ತಕ್ಕ ಕಾಲ.

ಇಷ್ಟೆಲ್ಲ ಮಾಡಿದರೂ ಸ್ಥಾನ ಸಿಗುವುದು ಖಚಿತವೇ? ಅಲ್ಲ. ಸ್ಥಾನಗಳು ಕೆಲವು, ಬಯಸುವವರು ಬಹಳ. ಅರ್ಹತೆಯಿದ್ದೂ ಸ್ಥಾನ ಸಿಗದವರು ಪ್ರತಿ ವರ್ಷವೂ ಇರುತ್ತಾರೆ. ಅವರು ಸೋತವರೆಂದು ಭಾವಿಸುವುದು ಅನ್ಯಾಯ. ಅದೇ ವಿಜ್ಞಾನವನ್ನು ಓದಿದವರಿಗೆ ಕೃಷಿ, ಶುಶ್ರೂಷೆ, ಔಷಧಶಾಸ್ತ್ರ, ಅಧ್ಯಾಪನ ಮೊದಲಾದ ಹಾದಿಗಳು ತೆರೆದಿರುತ್ತವೆ. ಆದರೆ ಪ್ರಯತ್ನಿಸಿ ಸಿಗದಿರುವುದು ಬೇರೆ. ತನಗೆ ಹಕ್ಕಿದೆಯೆಂಬುದೇ ತಿಳಿಯದೆ ಹೊರಗುಳಿಯುವುದು ಬೇರೆ. ಮೊದಲನೆಯದು ಸ್ಪರ್ಧೆಯ ಫಲ, ಎರಡನೆಯದು ಅಜ್ಞಾನದ ಫಲ. ಅಜ್ಞಾನವನ್ನು ನೀಗಿಸುವುದು ಶಾಲೆಯ ಕೈಯಲ್ಲಿದೆ.

"ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು" ಎಂಬುದು ರೈತರ ಅನುಭವದ ಮಾತು. ಮಳೆ ಎಷ್ಟು ಬಂದೀತೆಂದು ಜೇವರ್ಗಿಯ ರೈತನು ಮುಂಗಾರಿಗೆ ಮೊದಲು ಹೇಳಲಾರನು. ಆದರೂ ಅವನು ಹೊಲವನ್ನು ಹರಗಿ, ಬೀಜವನ್ನು ಆರಿಸಿ ಇಟ್ಟುಕೊಂಡಿರುತ್ತಾನೆ. ಹರಗದ ಹೊಲಕ್ಕೆ ಬಂದ ಒಳ್ಳೆಯ ಮಳೆ ವ್ಯರ್ಥವೆಂಬುದು ಅವನಿಗೆ ಗೊತ್ತು. ಮುಖ್ಯೋಪಾಧ್ಯಾಯರ ಮುಂದೆ ನಿಂತ ಆ ತಂದೆಗೆ ಕೊಡಬಹುದಾದ ಪ್ರಾಮಾಣಿಕ ಉತ್ತರವೂ ಇದೇ: ಹಿರಿಯರ ಹೋರಾಟದಿಂದ ಬಾಗಿಲು ತೆರೆದಿದೆ, ಅಲ್ಲಿಯವರೆಗೆ ನಡೆಯುವ ದಾರಿಯು ಅವನ ಮಗಳದು, ಮತ್ತು ಆ ದಾರಿಯು ಒಂಬತ್ತನೆಯ ತರಗತಿಯಿಂದಲೇ ಆರಂಭವಾಗುತ್ತದೆ.