ನೀರಿನ ವೇಗವನ್ನು ಶಬ್ದದಿಂದ ಅಳೆಯುವುದು

ಮಧುವನಹಳ್ಳಿಯಿಂದ ಬರುವ ನನಗೆ ವಿದ್ಯುತ್ತೆಂದರೆ ಮೊದಲು ನೆನಪಾಗುವುದು ಶಿವನಸಮುದ್ರ. 1902ರಲ್ಲಿ ಅಲ್ಲಿ ಕಾವೇರಿಯ ನೀರೇ ಯಂತ್ರವನ್ನು ತಿರುಗಿಸಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒದಗಿಸಿತು. ಕಾಳೀ ನದಿಯ ತೀರದ ಕೈಗಾದಲ್ಲಾದರೋ ಯಂತ್ರವನ್ನು ತಿರುಗಿಸುವುದು ಉಗಿ. ಅಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ರಿಯಾಕ್ಟರಿನಲ್ಲಿ ಕಾದ ಭಾರಜಲವು ಉಗಿಜನಕದ ಸಣ್ಣ ಕೊಳವೆಗಳೊಳಗೆ ಹರಿಯುವುದು. ಹೊರಗಿನ ಸಾಮಾನ್ಯ ಜಲವು ಆ ಶಾಖವನ್ನು ಹೀರಿ ಉಗಿಯಾಗುವುದು.

ಇಂಥ ಸ್ಥಾವರಗಳಲ್ಲಿ ಉಗಿಜನಕಕ್ಕೆ ಎಷ್ಟು ನೀರು ಹೋಗುತ್ತಿದೆಯೆಂಬುದರಿಂದಲೇ ರಿಯಾಕ್ಟರಿನ ಶಾಖವನ್ನು ಲೆಕ್ಕ ಹಾಕುತ್ತಾರೆ. ಹಳೆಯ ಕ್ರಮವೆಂದರೆ ವೆಂಚುರಿ: ಕೊಳವೆಯನ್ನು ಒಂದೆಡೆ ಕಿರಿದಾಗಿಸಿ ಒತ್ತಡದ ವ್ಯತ್ಯಾಸವನ್ನು ನೋಡುವುದು. ಕಿರಿದಾದ ಕಡೆ ಕಿಟ್ಟ ಕಟ್ಟಿದರೆ ಮಾಪಕವು ನಿಜಕ್ಕಿಂತ ಹೆಚ್ಚು ನೀರನ್ನು ತೋರಿಸುವುದು. ಆಗ ಶಕ್ತಿಯನ್ನು ವೃಥಾ ಕಡಿಮೆ ಮಾಡಬೇಕಾಗುವುದು. 220ರಲ್ಲಿ ಶೇಕಡಾ ಎರಡೆಂದರೆ 4.4 ಮೆಗಾವ್ಯಾಟು, ಅಲ್ಪವಲ್ಲ.

ಶ್ರವಣಾತೀತ ಶಬ್ದದ ಉಪಾಯವು ಹರಿಗೋಲಿನ ಲೆಕ್ಕದಂತೆ. ಹೊಳೆಯಲ್ಲಿ ಪ್ರವಾಹದೊಡನೆ ಹೋಗುವ ಹರಿಗೋಲು ಬೇಗ ಸೇರುವುದು. ಎದುರು ಹುಟ್ಟು ಹಾಕುವುದು ತಡವಾಗುವುದು. ಹಾಗೆಯೇ ಕೊಳವೆಗೆ ಓರೆಯಾಗಿ ಎರಡು ಸಂವೇದಕಗಳನ್ನಿಟ್ಟು ಶಬ್ದವನ್ನು ಕೆಳಕ್ಕೂ ಮೇಲಕ್ಕೂ ಕಳುಹಿಸುತ್ತಾರೆ. ನೀರು ಸೆಕೆಂಡಿಗೆ 5 ಮೀಟರು, ಶಬ್ದ 1500 ಮೀಟರು ಎಂದಿಟ್ಟುಕೊಂಡರೆ, ಹರಿವಿನ ನೇರಕ್ಕೆ 1 ಮೀಟರಿನ ದಾರಿಯಲ್ಲಿ ಎರಡು ಪಯಣಗಳ ಅಂತರ ಸೆಕೆಂಡಿನ ಹತ್ತು ಲಕ್ಷದ ಸುಮಾರು 4.4 ಭಾಗ. ವಾಚಕರು ಲೆಕ್ಕ ಮಾಡಿ ನೋಡಬಹುದು.

ಶಬ್ದದ ವೇಗವಾದರೋ ಉಷ್ಣತೆಯೊಡನೆ ಬದಲಾಗುವುದು. ನೀರಿನಲ್ಲಿ ಸುಮಾರು 74 ಡಿಗ್ರಿಯವರೆಗೆ ಏರಿ, ಬಳಿಕ ಇಳಿಯುವುದು. ಅದರ ತೊಡಕು ಇಲ್ಲಿಲ್ಲ. ಎರಡು ಕಾಲಗಳ ವಿಲೋಮಗಳನ್ನು ಕಳೆದರೆ ಶಬ್ದದ ವೇಗವು ಲೆಕ್ಕದಿಂದ ಬಿಟ್ಟುಹೋಗಿ ನೀರಿನ ವೇಗವೇ ಉಳಿಯುವುದು. ಕೂಡಿದರೆ ಶಬ್ದದ ವೇಗವೂ, ಅದರಿಂದ ಉಷ್ಣತೆಯೂ ದೊರೆಯುವುದು. ಈ ಯುಕ್ತಿಯನ್ನು ನಾನು ಬಹಳ ಮೆಚ್ಚಿದ್ದೇನೆ. ಆದರೆ ಬಾಗಿದ ಕೊಳವೆಯ ಮುಂದೆ ನೀರು ಸುಳಿಯಾಗಿ ಹರಿಯುವುದರಿಂದ ಒಂದೇ ದಾರಿ ಸಾಲದು. ಹಲವು ದಾರಿಗಳಲ್ಲಿ ಅಳೆಯಬೇಕು.

ಅಮೆರಿಕದಲ್ಲಿ 2000ದಲ್ಲಿ ನಿಯಮವನ್ನು ತಿದ್ದಿ, ಅಳತೆಯು ನಿಖರವೆಂದು ತೋರಿಸಿದ ಸ್ಥಾವರಗಳಿಗೆ ಶೇಕಡಾ ಎರಡರ ಕಾಯ್ದಿರಿಸಿದ ಅಂತರವನ್ನು ಕಡಿಮೆ ಮಾಡಿಕೊಳ್ಳಲು ಅವಕಾಶವಿತ್ತರು. ಆದರೆ ಅಲ್ಲಿಯ ಬೈರನ್ ಸ್ಥಾವರದಲ್ಲಿ, ಕೊಳವೆಯ ಹೊರಗೆ ಕಟ್ಟುವ ಬೇರೊಂದು ಬಗೆಯ ಶ್ರವಣಾತೀತ ಮಾಪಕವು ಕೊಳವೆಯ ಸದ್ದಿನಿಂದ ಕೆಟ್ಟು ನೀರನ್ನು ಕಡಿಮೆ ತೋರಿಸಿದ್ದು 2003ರಲ್ಲಿ ಬೆಳಕಿಗೆ ಬಂತು. ಅಷ್ಟು ಕಾಲವೂ ರಿಯಾಕ್ಟರು ಅನುಮತಿಯ ಮಿತಿಯನ್ನು ತುಸು ಮೀರಿಯೇ ನಡೆದಿತ್ತು.