ವರ್ಷದ ಕೊನೆಯ ಖರೀದಿ: ಅಮೆರಿಕದ ಲೆಕ್ಕ, ನಮ್ಮ ಸಂಘಕ್ಕೆ ಪಾಠ



ಮಾರ್ಚ್ ತಿಂಗಳು ಬಂತೆಂದರೆ ‘ಇರುವ ಹಣ ಖರ್ಚು ಮಾಡಿಬಿಡೋಣ’ ಎಂಬ ಮಾತು ಕಚೇರಿಗಳಲ್ಲೂ ಸಂಘಗಳಲ್ಲೂ ಕೇಳಿಬರುತ್ತದೆ. ಈ ಅವಸರದಿಂದ ಆಗುವ ನಷ್ಟವೆಷ್ಟು? ಅಮೆರಿಕದ ಫೆಡರಲ್ ಸರ್ಕಾರದ, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ, ಖರೀದಿ ಲೆಕ್ಕದಲ್ಲಿ ಇದಕ್ಕೆ ಉತ್ತರ ಸಿಗುತ್ತದೆ. ದೊಡ್ಡವರ ಲೆಕ್ಕವಾದರೂ ತಿಳಿಯಲು ಕಷ್ಟವಿಲ್ಲ.

ನಾಲ್ಕು ತ್ರೈಮಾಸಿಕಗಳು

ಅಲ್ಲಿನ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಆರಂಭವಾಗಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಹೀಗಾಗಿ ಜುಲೈನಿಂದ ಸೆಪ್ಟೆಂಬರ್‌ವರೆಗಿನದು ಕೊನೆಯ ತ್ರೈಮಾಸಿಕ. 2023ರ ಹಣಕಾಸು ವರ್ಷದಲ್ಲಿ ಆ ಸರ್ಕಾರ ಗುತ್ತಿಗೆಗಳ ಮೂಲಕ ಮಾಡಿಕೊಂಡ ಖರೀದಿಯ ಒಪ್ಪಂದ ಸುಮಾರು 75,900 ಕೋಟಿ ಡಾಲರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ರಕ್ಷಣಾ ಇಲಾಖೆಯದು.

ಇಲ್ಲಿ ಒಂದು ಅಂಶ ಗಮನಿಸಿ. ಈ ಲೆಕ್ಕ ಒಪ್ಪಂದದ್ದು, ಹಣ ಪಾವತಿಯದ್ದಲ್ಲ. ಸಂಘವು ಪಶು ಆಹಾರಕ್ಕೆ ಬೇಡಿಕೆ ಕೊಟ್ಟ ದಿನ ಬೇರೆ, ಬಿಲ್ಲು ಬಟವಾಡೆ ಮಾಡಿದ ದಿನ ಬೇರೆ. ಅಲ್ಲೂ ಹಾಗೆಯೇ.

ಕೊನೆಯಲ್ಲಿ ಏಕೆ ಏರುತ್ತದೆ?

ಇದಕ್ಕೆ ಮುಖ್ಯ ಕಾರಣಗಳು ಎರಡು.

1. ಇಲಾಖೆಗಳಿಗೆ ಸಿಗುವ ಅನುದಾನದ ದೊಡ್ಡ ಭಾಗ ಆಯಾ ವರ್ಷಕ್ಕೆ ಮಾತ್ರ. ಸೆಪ್ಟೆಂಬರ್ 30ರೊಳಗೆ ಒಪ್ಪಂದವಾಗದಿದ್ದರೆ ಆ ಹಣದಲ್ಲಿ ಹೊಸ ಖರೀದಿ ಮಾಡುವಂತಿಲ್ಲ. ಉಳಿಸಿದರೆ ಮುಂದಿನ ವರ್ಷ ಅನುದಾನವೇ ಕಡಿಮೆಯಾದೀತೆಂಬ ಭಯವೂ ಇರುತ್ತದೆ.

2. ಅಲ್ಲಿನ ಸಂಸತ್ತು ಪೂರ್ಣ ಬಜೆಟ್ಟಿಗೆ ಅಕ್ಟೋಬರ್ 1ರೊಳಗೆ ಒಪ್ಪಿಗೆ ಕೊಡುವುದು ಅಪರೂಪ. ತಾತ್ಕಾಲಿಕ ಅನುಮತಿಯ ಮೇಲೆ ಕೆಲಸ ಸಾಗುತ್ತದೆ. ಆ ಅವಧಿಯಲ್ಲಿ ಸಾಮಾನ್ಯವಾಗಿ ಹೊಸ ಕಾಮಗಾರಿ ಕೈಗೆತ್ತಿಕೊಳ್ಳುವಂತಿಲ್ಲ. ಮೊದಲ ತಿಂಗಳುಗಳಲ್ಲಿ ನಿಂತ ಕೆಲಸವೆಲ್ಲ ಕೊನೆಗೆ ಬಂದು ಸೇರುತ್ತದೆ.

ಅವಸರದ ಬೆಲೆ

ಲೀಬ್‌ಮನ್ ಮತ್ತು ಮಹೋನಿ ಎಂಬ ಅರ್ಥಶಾಸ್ತ್ರಜ್ಞರು 2004ರಿಂದ 2009ರವರೆಗಿನ ಫೆಡರಲ್ ಗುತ್ತಿಗೆಗಳನ್ನು ಪರಿಶೀಲಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ವರ್ಷದ ಕೊನೆಯ ಒಂದು ವಾರದ ಖರೀದಿ, ಉಳಿದ ವಾರಗಳ ಸರಾಸರಿಯ 4.9 ಪಟ್ಟು! ಕಂಪ್ಯೂಟರ್ ಯೋಜನೆಗಳ ಗುಣಮಟ್ಟವನ್ನೂ ಅವರು ನೋಡಿದರು. ಕೊನೆಯ ವಾರದಲ್ಲಿ ಒಪ್ಪಿಕೊಂಡ ಯೋಜನೆಗಳಿಗೆ ಕಡಿಮೆ ಅಂಕ ಬರುವ ಸಂಭವ ಬಹಳ ಹೆಚ್ಚಿತ್ತು. ಅಲ್ಲಿನ ನ್ಯಾಯ ಇಲಾಖೆಗೆ ಮಾತ್ರ ಉಳಿದ ಹಣವನ್ನು ಇಂಥ ಯೋಜನೆಗಳಿಗಾಗಿ ಮುಂದಿನ ವರ್ಷಕ್ಕೆ ಒಯ್ಯುವ ಅವಕಾಶವಿದೆ. ಆ ಇಲಾಖೆಯಲ್ಲಿ ವರ್ಷಾಂತ್ಯದ ಗುಣಮಟ್ಟ ಹಾಗೆ ಕುಸಿದಿರಲಿಲ್ಲ.

ಅಂದರೆ ದೋಷ ತಿಂಗಳಿನದಲ್ಲ. ‘ಇಂದೇ ಖರ್ಚಾಗಬೇಕು’ ಎಂಬ ಒತ್ತಡದ್ದು.

ಏರಿಕೆಯೆಲ್ಲ ತಪ್ಪಲ್ಲ

ಕೊನೆಯ ತ್ರೈಮಾಸಿಕದ ಖರೀದಿಯನ್ನೆಲ್ಲ ದುಂದುವೆಚ್ಚ ಎನ್ನಲಾಗದು. 2016ರಲ್ಲಿ ಅಮೆರಿಕದಲ್ಲಿ ಹಾಲಿನ ದರ ಕುಸಿದು ಚೀಸ್ ದಾಸ್ತಾನು ಬೆಳೆದಿತ್ತು. ಆ ಆಗಸ್ಟ್‌ನಲ್ಲಿ ಅಲ್ಲಿನ ಕೃಷಿ ಇಲಾಖೆ ಸುಮಾರು 5,000 ಟನ್ ಚೀಸನ್ನು 2 ಕೋಟಿ ಡಾಲರ್ ವೆಚ್ಚದಲ್ಲಿ ಕೊಂಡು ಬಡವರ ಆಹಾರ ಕೇಂದ್ರಗಳಿಗೆ ಕೊಡುವುದಾಗಿ ಘೋಷಿಸಿತು. ಅಕ್ಟೋಬರ್‌ನಲ್ಲಿ, ಅಂದರೆ ಹೊಸ ವರ್ಷದ ಮೊದಲ ತಿಂಗಳಲ್ಲೇ, ಮತ್ತೆ 2 ಕೋಟಿ ಡಾಲರ್‌ನ ಖರೀದಿ ಘೋಷಣೆಯಾಯಿತು. ಈ ಖರೀದಿಗೆ ಕಾರಣ ಹೈನುಗಾರರ ಸಂಕಷ್ಟ, ಕ್ಯಾಲೆಂಡರ್ ಅಲ್ಲ.

ಆದ್ದರಿಂದ ಒಂದು ತ್ರೈಮಾಸಿಕವನ್ನು ಹಿಂದಿನ ವರ್ಷದ ಅದೇ ತ್ರೈಮಾಸಿಕದೊಡನೆ ಹೋಲಿಸಬೇಕು. ಇದು ತಮಗೆ ಹೊಸದಲ್ಲ. ಹಸಿರು ಮೇವಿನ ಕಾಲದ ಹಾಲನ್ನು ಬೇಸಿಗೆಯ ಹಾಲಿನೊಡನೆ ಹೋಲಿಸಿ ಹಸು ಕೆಟ್ಟಿತು ಎನ್ನುವವರುಂಟೇ?

ನಮ್ಮಲ್ಲಿ ಹೇಗೆ?

ನಮ್ಮ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ವರ್ಷಾಂತ್ಯದ ಖರ್ಚಿನ ನೂಕುನುಗ್ಗಲನ್ನು ಹಣಕಾಸು ಶಿಸ್ತಿನ ಉಲ್ಲಂಘನೆ ಎಂದೇ ಹೇಳುತ್ತವೆ. ಸರ್ಕಾರಿ ಯೋಜನೆಯ ಅನುದಾನಕ್ಕೆ ಗಡುವು ಇರುತ್ತದೆ, ನಿಜ. ಆದರೆ ಸಂಘದ ಸ್ವಂತ ಹಣ ಮಾರ್ಚ್ 31ರ ರಾತ್ರಿ ಮಾಯವಾಗುವುದಿಲ್ಲ. ಉಳಿದ ಲಾಭ ಆಪದ್ಧನಕ್ಕೆ, ಇತರ ನಿಧಿಗಳಿಗೆ ಹಾಗೂ ನಿಯಮದಂತೆ ಸದಸ್ಯರ ಬೋನಸ್ಸಿಗೆ ಹೋಗುತ್ತದೆ. ಅವಸರದಲ್ಲಿ ಕೊಂಡ ಬೇಡದ ವಸ್ತುವಿನ ಬೆಲೆ ತಾವು ಹಾಕಿದ ಹಾಲಿನ ಹಣವೇ.

ಪಶುವೈದ್ಯನಾಗಿ ಮೂರು ಎಚ್ಚರಿಕೆ ಹೇಳಬಯಸುತ್ತೇನೆ:

• ಪಶು ಆಹಾರವನ್ನು ಒಮ್ಮೆಲೇ ತಂದು ತೇವದ ಗೋಡೆಗೆ ಒರಗಿಸಿಟ್ಟರೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಹಸುವಿನ ಯಕೃತ್ತನ್ನು ಕೆಡಿಸುವುದಲ್ಲದೆ ಹಾಲಿಗೂ ಇಳಿಯುತ್ತದೆ. ಒಂದೆರಡು ತಿಂಗಳಿಗೆ ಸಾಕಾಗುವಷ್ಟೇ ತರಿಸಿ.

• ಕಾಲುಬಾಯಿ ಜ್ವರದ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೀತದಲ್ಲೇ ಇಡಬೇಕು. ಔಷಧಿಗಳಿಗೆ ಬಳಕೆಯ ಅವಧಿ ಇದೆ. ಕೊಳ್ಳುವಾಗ ರಾಸುಗಳ ಸಂಖ್ಯೆ ನೋಡಿ, ಉಳಿದ ಹಣ ನೋಡಬೇಡಿ.

• ಮೇವಿನ ಬೀಜ ಮುಂಗಾರಿಗೆ ಮೊದಲು ಕೈಸೇರಬೇಕು. ಮಳೆ ಹೋದ ಮೇಲೆ ಬಂದ ಬೀಜ ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಸಭೆಯಲ್ಲಿ ಕೇಳಿ

ಸರ್ವ ಸದಸ್ಯರ ಸಭೆಯಲ್ಲಿ ವರ್ಷದ ಒಟ್ಟು ಖರ್ಚನ್ನಷ್ಟೇ ಓದಿದರೆ ಈ ಅವಸರ ಕಣ್ಣಿಗೆ ಬೀಳದು. ಆದ್ದರಿಂದ ಇವನ್ನು ಕೇಳಿ:

1. ಖರ್ಚನ್ನು ಮೂರು ಮೂರು ತಿಂಗಳಿನಂತೆ ಬಿಡಿಸಿ ತೋರಿಸುವಿರಾ?

2. ಕಳೆದ ವರ್ಷ ಅದೇ ಅವಧಿಯಲ್ಲಿ ಎಷ್ಟಾಗಿತ್ತು?

3. ಮಾರ್ಚ್‌ನಲ್ಲಿ ಕೊಂಡದ್ದರ ಅಗತ್ಯವನ್ನು ಆಡಳಿತ ಮಂಡಳಿ ಯಾವ ತಿಂಗಳ ಸಭೆಯಲ್ಲಿ ಚರ್ಚಿಸಿತ್ತು? ದರಪಟ್ಟಿ ಎಷ್ಟು ಬಂದಿದ್ದವು?

4. ಹಿಂದಿನ ಮಾರ್ಚ್‌ನಲ್ಲಿ ಕೊಂಡ ಯಂತ್ರ ಇಂದು ನಡೆಯುತ್ತಿದೆಯೇ?

ಇದು ಕಾರ್ಯದರ್ಶಿಯ ಮೇಲಿನ ಅನುಮಾನವಲ್ಲ. ಸಂಘದ ಮಾಲೀಕರು ಸದಸ್ಯರೇ. ಕೇಳುವುದು ಮಾಲೀಕರ ಹಕ್ಕು. ಲೆಕ್ಕ ಸರಿಯಿರುವ ಕಾರ್ಯದರ್ಶಿಗೆ ಇಂಥ ಪ್ರಶ್ನೆಗಳಿಂದ ಬಲವೇ ಬರುತ್ತದೆ. ಬೇಕಾದ ವಸ್ತುಗಳ ಪಟ್ಟಿಯನ್ನು ಏಪ್ರಿಲ್‌ನಲ್ಲೇ ಮಾಡಿ, ಖರೀದಿಯನ್ನು ವರ್ಷವಿಡೀ ಹಂಚಿಕೊಳ್ಳಿ. ಆಗ ಮಾರ್ಚ್ ಬಂದರೂ ಅವಸರ ಇರುವುದಿಲ್ಲ.

– ಪಶುವೈದ್ಯ ವಿಸ್ತರಣಾಧಿಕಾರಿ